ಮನೆಯವರಿಗೆ ಕೃತಜ್ಞತೆಗಳು

ಪುಟ್ಟಗಂಗಮ್ಮ ಗಂಡನ ಜೊತೆ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿತ್ತು. ಅತ್ತೆ ಭೂತಮ್ಮ ಒಲೆಯ ಮುಂದೆ ಕೂತು ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿಯುತ್ತಿದ್ದಳು. ಸೊಸೆ ಬಂದದ್ದು ಗೊತ್ತಾದರೂ ತಿರುಗಿ ನೋಡಲಿಲ್ಲ.

“ಬಂದ್ಯಾ ತಾಯಿ? ಊರೋರ ಅಟ್ಟ ಎಲ್ಲಾ ಹತ್ತಿಳಿದಿದ್ದಾಯ್ತಾ? ನಮ್ಮನೆ ಅಟ್ಟದಾಗೆ ಇಲಿ ಸೇರ್ಕಂಡವೆ. ಪುರುಸೊತ್ತಾದಾಗ ಅದನ್ನೂ ಒಸಿ ಹತ್ತಿ ನೋಡು.”

“ಹುಳಿಯಾರಿನ ಬಸ್ಸು ತಡ ಆಯ್ತು ಅತ್ತೆ. ಕೊಡಿ, ಮುದ್ದೆ ನಾನು ತಿರುವ್ತೀನಿ.”

“ಕಾಲು ತೊಳ್ಕಂಬಾ ಮೊದ್ಲು. ಯಾವ್ಯಾವ ಊರಿನ ಧೂಳೋ ಏನೋ.”

ಪಡಸಾಲೆಯಲ್ಲಿ ಕೂತಿದ್ದ ಮಾವ ಸಣ್ಣತಿಮ್ಮಯ್ಯ ನಕ್ಕ. “ಧೂಳಲ್ಲ ಕಣೇ ಅದು, ವಿದ್ಯೆ. ನಿನ್ ಮಗ ಅದನ್ನೇ ಅಚ್ಚು ಹಾಕಿಸ್ತಾನಂತೆ.”

“ಹಾಕಿಸ್ಲಿ ಬುಡಿ. ಉಣ್ಣೋಕೆ ಇಕ್ಕೋದು ಮಾತ್ರ ನಾನೇ.”

ಭೂತಮ್ಮನ ಮಗ ಅಣ್ಣಯ್ಯ ತಿಪಟೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಭೂಗೋಳದ ಉಪನ್ಯಾಸಕ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಆಡಳಿತ ಮಂಡಳಿಯವರು ಬಿಡಿಸಿ, ಕಾಲೇಜು ಶುರುವಾಗುವಾಗ ಮತ್ತೆ ಕರೆಯುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಹೊಸ ಕಾರ್ಯದರ್ಶಿ ಬಂದವರು ಒಂದು ಮಾತು ಹೇಳಿದ್ದರು. ಭೂಗೋಳದ ಯಾವುದಾದರೂ ವಿದ್ವತ್ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟವಾದರೆ ಕಾಯಂ ಮಾಡುತ್ತೇವೆ, ಇಲ್ಲದಿದ್ದರೆ ಎಂ.ಎ.ಯಲ್ಲಿ ಮೊದಲ ದರ್ಜೆ ಬಂದ ಬೇರೊಬ್ಬರನ್ನು ನೋಡುತ್ತೇವೆ ಎಂದು.

ಅಣ್ಣಯ್ಯ ಬಹಳ ದಿನ ಯೋಚನೆ ಮಾಡಿದ. ಕೊನೆಗೆ ತನ್ನ ಮನೆಯ ಅಡುಗೆಮನೆಯಲ್ಲೇ ಅವನಿಗೆ ವಿಷಯ ಸಿಕ್ಕಿತು. ಈ ಸೀಮೆಯಲ್ಲಿ ಬಲಿತ ತೆಂಗಿನಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಕೆಳಗೆ ಒಲೆ ಉರಿಯುತ್ತದೆ. ಅದರ ಹೊಗೆ, ಕಾವು ಬಿದಿರ ದಬ್ಬೆಗಳ ಸಂದಿನಿಂದ ಮೇಲೆ ಹೋಗಿ ವರ್ಷ ತುಂಬುವುದರೊಳಗೆ ಕಾಯಿ ಒಳಗೇ ಒಣಗಿ ಉಂಡೆ ಕೊಬ್ಬರಿ ಆಗುತ್ತದೆ. ಅಲ್ಲಾಡಿಸಿದರೆ ಒಳಗಿನ ಗಿಟುಕು ಗಡಗಡ ಎನ್ನುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಒಲೆ ಎಲ್ಲಿರುತ್ತದೆ, ಅಟ್ಟ ಎಷ್ಟು ಎತ್ತರ, ಸೀಮೆಎಣ್ಣೆ ಸ್ಟವ್ ಬಂದ ಮನೆಗಳಲ್ಲಿ ಕೊಬ್ಬರಿ ಏನಾಗುತ್ತಿದೆ ಎಂದು ನೋಡಿ ನಕ್ಷೆ ಮಾಡಿದರೆ ಅದೇ ಒಂದು ಲೇಖನ.

ಆದರೆ ಅಪರಿಚಿತ ಗಂಡಸು ಯಾರ ಅಡುಗೆಮನೆಗೂ ನುಗ್ಗುವಂತಿಲ್ಲ. ಸೌದೆ ಯಾವುದು, ಒಲೆ ಯಾವಾಗ ಹಚ್ಚುತ್ತೀರಿ ಎಂದು ಹೆಂಗಸರನ್ನು ಕೇಳುವಂತೆಯೂ ಇಲ್ಲ. ಹಾಗಾಗಿ ಅವನು ಭಾನುವಾರಗಳಲ್ಲಿ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗತೊಡಗಿದ. ಅವನು ಜಗಲಿಯಲ್ಲಿ ಕೂತು ಗಂಡಸರ ಜೊತೆ ಮಾತಾಡುತ್ತ ಮನೆಯ ಚಿತ್ರ ಬರೆದುಕೊಳ್ಳುತ್ತಿದ್ದ. ಅವಳು ಟೇಪು ಹಿಡಿದು ಒಳಗೆ ಹೋಗುತ್ತಿದ್ದಳು.

ಅವತ್ತು ಊಟಕ್ಕೆ ಕೂತಾಗ ಹುರುಳಿಕಾಳಿನ ಸಾರು ಬಡಿಸುತ್ತ ಪುಟ್ಟಗಂಗಮ್ಮ ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಆಡಿದಳು.

“ಮಾವ, ಅಂಚೆ ಮೂಲಕ ಬಿ.ಎ. ಓದೋದು ಬಂದದಂತೆ. ಮನೇಲೇ ಕೂತು ಓದಿ ಪರೀಕ್ಷೆ ಕಟ್ಟಬಹುದಂತೆ.”

“ಯಾರು, ನೀನಾ?” ಎಂದಳು ಭೂತಮ್ಮ. “ಪಿಯುಸಿ ಸಾಲ್ದಾ? ಬಿ.ಎ. ಮಾಡ್ಕಂಡು ಯಾವ ಕಚೇರಿಗೆ ಹೋಗಿ ಮುದ್ದೆ ತಿರುವ್ಬೇಕು?”

ಸಣ್ಣತಿಮ್ಮಯ್ಯ ತುತ್ತು ನುಂಗಿ ಮಗನ ಕಡೆ ನೋಡಿದ. “ಏನ್ಲಾ, ಆ ಪುಸ್ತಕದಾಗೆ ಇವಳ ಹೆಸ್ರೂ ಬತ್ತದಾ?”

“ಬರತ್ತಪ್ಪ. ಅರ್ಧ ಕೆಲಸ ಇವಳ್ದೇ. ಇಬ್ಬರ ಹೆಸರೂ ಹಾಕ್ತೀನಿ.”

“ಹಂಗಾರೆ ಕೇಳಮ್ಮ. ನಿನ್ನೆಸ್ರು ಅಚ್ಚಾಗಿ ಬಂದ ದಿನ ಬಿ.ಎ. ಫೀಜು ನಾನು ಕಟ್ತೀನಿ. ಕೊಬ್ಬರಿ ಮಂಡಿನಾಗೆ ಜೀವಮಾನ ಎಲ್ಲಾ ತಕ್ಕಡಿ ಹಿಡ್ದೋನು ನಾನು. ನನ್ ಮಾತು ತೂಕ ತಪ್ಪಲ್ಲ.”

“ಬರ್ದೇ ಹೋದ್ರೆ?” ಎಂದಳು ಭೂತಮ್ಮ.

“ಬರ್ದೇ ಹೋದ್ರೆ ಆ ಮಾತು ಇನ್ ಯಾರೂ ಎತ್ತಂಗಿಲ್ಲ. ಆಯ್ತಾ?”

“ಆಯ್ತು ಮಾವ,” ಎಂದಳು ಪುಟ್ಟಗಂಗಮ್ಮ. ಅವಳ ಕೈಯಲ್ಲಿದ್ದ ಸೌಟಿನಿಂದ ಸಾರು ತೊಟ್ಟಿಕ್ಕಿ ನೆಲದ ಮೇಲೆ ಬಿತ್ತು. ಭೂತಮ್ಮ ಅದನ್ನು ನೋಡಿದರೂ ಅವತ್ತು ಬೈಯಲಿಲ್ಲ.

*

ಚಿಕ್ಕನಾಯಕನಹಳ್ಳಿ ಕಡೆಯ ಒಂದು ಊರಿನಲ್ಲಿ ಲಕ್ಷ್ಮಕ್ಕ ಎಂಬ ಮುದುಕಿಯ ಮನೆ. ಅಡುಗೆಮನೆಯಲ್ಲಿ ಅಕ್ಕಪಕ್ಕದ ಹೆಂಗಸರೂ ಸೇರಿದ್ದರು. ಪುಟ್ಟಗಂಗಮ್ಮ ಏಣಿ ಇಟ್ಟು ಅಟ್ಟದ ಎತ್ತರ ಅಳೆಯುವಾಗ ಲಕ್ಷ್ಮಕ್ಕ ಕೆಳಗಿನಿಂದ ಕೇಳಿದಳು.

“ಅಲ್ಲ ಕಣವ್ವ, ಜಗಲೀಲಿ ಕೂತವ್ನಲ್ಲ ಮೇಷ್ಟ್ರು, ನಿನ್ ಯಜಮಾನ, ಹೆಸ್ರೇನು?”

ಏಣಿಯ ಮೇಲಿದ್ದವಳು ಸೆರಗು ಬಾಯಿಗಿಟ್ಟುಕೊಂಡಳು. “ನಾನೆಂಗೆ ಹೇಳ್ಲಿ ಅಜ್ಜಿ? ನೀವೇ ಕಂಡುಹಿಡೀರಿ. ಒಡಹುಟ್ಟಿದೋರ್ನಾಗೆ ನಿಮಗಿಂತ ಹಿರಿಯೋನ್ನ ಏನಂತ ಕೂಗ್ತೀರಿ?”

“ಅಣ್ಣ.”

“ಅದಕ್ಕೆ ಒಸಿ ಮರ್ಯಾದೆ ಸೇರಿಸಿ.”

“ಅಣ್ಣಯ್ಯ!” ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿ ನಕ್ಕರು. ಹೊರಗೆ ಜಗಲಿಯಲ್ಲಿದ್ದ ಅಣ್ಣಯ್ಯ ತನ್ನನ್ನೇ ಕರೆದರೇನೋ ಎಂದು ಕತ್ತು ಉದ್ದ ಮಾಡಿ ಇಣುಕಿದ. ನಗು ಇನ್ನೂ ಹೆಚ್ಚಾಯಿತು.

“ಅಯ್ಯೋ ಪಾಪವೇ,” ಎಂದಳು ಲಕ್ಷ್ಮಕ್ಕ ಕಣ್ಣೊರೆಸಿಕೊಂಡು. “ಹಂಗಾರೆ ನಿಮ್ಮಣ್ಣನ್ನ ಏನಂತ ಕೂಗ್ತೀಯೇ?”

“ನಮ್ಮೋರು ಇರೋದು ಮಾಯಸಂದ್ರದಾಗೆ. ಮಾಯಸಂದ್ರದೋರೇ ಅಂತೀನಿ.”

“ಒಡಹುಟ್ಟಿದೋನ್ನ ಊರಿನ ಹೆಸ್ರು ಹಿಡ್ದಾ? ಬಸ್ಸು ಕೂಗ್ದಂಗೆ!”

ಪುಟ್ಟಗಂಗಮ್ಮನೂ ಅವರ ಜೊತೆ ನಕ್ಕಳು. ಅವಳ ಅಣ್ಣ ಹುಚ್ಚರಂಗಯ್ಯ ಮಾಯಸಂದ್ರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ತಂದೆ ಸತ್ತ ಮೇಲೆ ತಾನು ಸ್ಕೂಲು ಬಿಟ್ಟು ತಂಗಿಯನ್ನು ಪಿಯುಸಿವರೆಗೆ ಓದಿಸಿದವನು. ಮದುವೆಗೆ ಮೊದಲು ದಿನಕ್ಕೆ ನೂರು ಸಲ “ಅಣ್ಣಯ್ಯಾ” ಎನ್ನುತ್ತಿದ್ದಳು. ಗಂಡು ಗೊತ್ತಾದ ದಿನ ಅವನೇ ನಕ್ಕು, “ನನ್ ಹೆಸ್ರು ಅವನಿಗೆ ಹೋಯ್ತಲ್ಲವ್ವಾ,” ಎಂದಿದ್ದ. ತಿಪಟೂರಿಗೆ ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಆ ಮಾತು ನೆನಪಾಯಿತು. ಆಮೇಲೆ ಗಂಡ ಅಳತೆಗಳನ್ನು ಕೇಳಿದ. ಹೇಳುತ್ತ ಹೋದಳು.

ಮಾಘ ಮಾಸದಲ್ಲಿ ತುರುವೇಕೆರೆ ಹತ್ತಿರದ ಒಂದು ಮನೆಯಲ್ಲಿ ಅಟ್ಟದ ಹಳೇ ದಬ್ಬೆ ಮುರಿದು ಅವಳು ಕೆಳಗೆ ಬಿದ್ದಳು. ಒಲೆಯ ಪಕ್ಕಕ್ಕೆ ಬಿದ್ದಿದ್ದರಿಂದ ಬೆಂಕಿ ತಾಕಲಿಲ್ಲ. ಬಲಗಾಲಿನ ಹರಡು ಊದಿ ಹಲಸಿನಕಾಯಿಯಂತಾಯಿತು. ಅಣ್ಣಯ್ಯ ಅವಳನ್ನು ಕರೆತಂದು ಮನೆಯ ಮುಂದೆ ಜಟಕಾದಿಂದ ಇಳಿಸುವಾಗ ಭೂತಮ್ಮ ಹೊಸ್ತಿಲಲ್ಲೇ ನಿಂತು ಕೂಗಾಡಿದಳು.

“ಕಾಲು ಮುರಿಸ್ಕಂಬಂದ್ಯೇನ್ಲಾ ನನ್ ಸೊಸೇದು? ನೀನು ಹತ್ತಕ್ಕಾಗ್ತಿರ್ಲಿಲ್ವಾ? ಅವಳು ಸತ್ತಿದ್ರೆ ನಿನ್ ಪುಸ್ತಕ ಬಂದು ಮುದ್ದೆ ಇಕ್ತಿತ್ತಾ?”

“ಅವ್ವ, ಬೀದಿ ಜನ ನೋಡ್ತಾರೆ.”

“ನೋಡ್ಲಿ! ನಡೀಯೇ ಒಳಗೆ. ಕಾಲೂರಬ್ಯಾಡ, ನನ್ ಹೆಗಲು ಹಿಡ್ಕ.”

ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಭೂತಮ್ಮನೇ ಶಾಖ ಕೊಟ್ಟಳು. ಮೂರು ಹೊತ್ತೂ ಅವಳೇ ಅಡುಗೆ ಮಾಡಿದಳು, ಮಾಡುವಾಗೆಲ್ಲ ಬೈದಳು. ಪುಟ್ಟಗಂಗಮ್ಮ ಗೋಡೆಗೊರಗಿ ಕಾಲು ಚಾಚಿ, ಲೇಖನಕ್ಕೆ ಬೇಕಾದ ಪಟ್ಟಿಗಳನ್ನು ಗೆರೆ ಹಾಕಿ ಬರೆಯುತ್ತಿದ್ದಳು.

“ಏನೇ ಬರೀತೀಯ ಅಷ್ಟೊಂದು? ಓದು, ಕೇಳಾನ.”

ಅವಳು ಓದಿದಳು. ಭೂತಮ್ಮ ಅವರೆಕಾಯಿ ಬಿಡಿಸುತ್ತ ಕೇಳಿದಳು.

“ಸ್ಟವ್ವಿನ ಕಾವು ಕಾಯಿಗೆ ಹತ್ತಲ್ಲ ಅಂತ ಬರ್ದ್ಯಾ?”

“ಬರ್ದೆ ಅತ್ತೆ.”

“ಹೊಗೆ ಜಾಸ್ತಿ ಆದ್ರೆ ಕರ್ರಗಾಯ್ತದೆ, ಕಮ್ಮಿ ಆದ್ರೆ ಬೂಷ್ಟು ಹಿಡೀತದೆ ಅಂತ?”

“ಅದನ್ನೂ ಬರ್ದಿದೀನಿ. ನಿಮ್ಮೆಸ್ರು ಹಾಕ್ಲಾ?”

“ಥೂ, ಬ್ಯಾಡ. ಭೂತಮ್ಮ ಅಂತ ಕಂಡ್ರೆ ಓದೋರು ಹೆದರ್ಕಂಡು ಪುಸ್ತಕ ಮುಚ್ಚಾರು. ನಿನ್ನೆಸ್ರು ಚೆನ್ನಾಗೈತೆ, ಅದನ್ನೇ ಹಾಕ್ಸು.”

ಅವತ್ತಿನಿಂದ ಭೂತಮ್ಮ ಬಿ.ಎ. ವಿಷಯ ಬಂದರೆ ಕೊಂಕು ಆಡುವುದನ್ನು ಬಿಟ್ಟಳು.

*

ಯುಗಾದಿಯ ಹೊತ್ತಿಗೆ ಲೇಖನ ಮುಗಿಯಿತು. ನಜೀರ್ ಅಹಮದ್ ಎಂಬವನು ತಿಪಟೂರಿನಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ. ಅಣ್ಣಯ್ಯ ಅವನ ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳಿದ, ಅವನು ಹೊಡೆದ. ಮೊದಲ ಪುಟಕ್ಕೆ ಬಂದಾಗ ನಜೀರ್ ನಿಲ್ಲಿಸಿದ.

“ಪುಟ್ಟಗಂಗಮ್ಮ. ಒಂದೇ ಪದಾನಾ ಸಾರ್, ಬಿಡಿಸಿ ಹೊಡೀಲಾ?”

“ಒಂದೇ ಪದ.”

“ಮೇಡಂ ಯಾವ ಕಾಲೇಜು?”

“ನಮ್ಮನೆಯವರಪ್ಪ.”

“ಅರೆ, ಭಾಭೀನಾ!” ಎಂದು ನಜೀರ್ ಕಾಗದವನ್ನು ಮತ್ತೆ ಸರಿಯಾಗಿ ಕೂರಿಸಿ ಒಂದೊಂದೇ ಅಕ್ಷರವನ್ನು ನಿಧಾನವಾಗಿ ಒತ್ತಿದ. “ತಪ್ಪು ಬೀಳಬಾರದು ಸಾರ್.”

ಕಾರ್ಬನ್ ಪ್ರತಿಯನ್ನು ಅಣ್ಣಯ್ಯ ಮನೆಗೆ ತಂದ. ಪುಟ್ಟಗಂಗಮ್ಮ ಕೈ ಒರೆಸಿಕೊಂಡು ಬಂದು ನೋಡಿದಳು. ಮದುವೆಯಾದಾಗಿನಿಂದ ಗಂಡ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಲೇ, ಇವಳೇ, ನೋಡು, ಇಷ್ಟೇ. ಈಗ ಅವನ ಹೆಸರಿನ ಪಕ್ಕದಲ್ಲೇ, ಅಷ್ಟೇ ದಪ್ಪದ ಅಕ್ಷರದಲ್ಲಿ ಅವಳ ಹೆಸರಿತ್ತು. ಬೆರಳಿನಿಂದ ಅದನ್ನು ಸವರಿದಳು. ಕಾರ್ಬನ್ನಿನ ಮಸಿ ಬೆರಳಿಗೆ ಹತ್ತಿತು.

“ಅಳಿಸ್ತೀಯಾ, ಬಿಡು,” ಎಂದ ಅಣ್ಣಯ್ಯ ನಗುತ್ತ.

ಅವಳು ಆ ಬೆರಳನ್ನು ಸೆರಗಿಗೆ ಒರೆಸದೆ ಹಾಗೇ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಸಣ್ಣತಿಮ್ಮಯ್ಯ ಮಾರನೆಯ ದಿನವೇ ಮಂಡಿಗೆ ಹೋಗಿ ಹಳೆಯ ಗೆಳೆಯರಿಗೆಲ್ಲ ಹೇಳಿದ. ದೇಶವೆಲ್ಲ ಓದುವ ಪುಸ್ತಕದಲ್ಲಿ ನಮ್ಮ ಸೊಸೆ ಹೆಸರು ಬರುತ್ತದೆ ಎಂದು. ದಲಾಲರೊಬ್ಬರು, “ಮಗನದಲ್ಲವೇನಯ್ಯ?” ಎಂದು ಕೇಳಿದ್ದಕ್ಕೆ, “ಅವನ್ದು ಬಿಡಿ ಸಾಮಿ, ಅವನು ಮೇಷ್ಟ್ರು, ಅವನ್ದು ಬಂದ್ರೇನು ದೊಡ್ಡದು?” ಎಂದನಂತೆ.

*

ಕಾಲೇಜು ಬಾಗಿಲು ತೆರೆಯುವ ವೇಳೆಗೆ ಪತ್ರಿಕೆಯ ಸಂಪಾದಕರಿಂದ ಉತ್ತರ ಬಂತು. ಲೇಖನ ಚೆನ್ನಾಗಿದೆ, ಕೆಲವು ತಿದ್ದುಪಡಿ ಬೇಕು. ನಕ್ಷೆಯ ಅಳತೆಯ ಗೆರೆ ಹಾಕಿಲ್ಲ. ಹಿಂದಿನ ಸಂಶೋಧನೆಗಳ ಪ್ರಸ್ತಾಪ ಕಡಿಮೆ. ಕೊನೆಯಲ್ಲಿ ಇನ್ನೊಂದು ಪ್ರಶ್ನೆ: ಎರಡನೆಯ ಲೇಖಕರ ಹೆಸರಿನ ಕೆಳಗೆ ಸಂಸ್ಥೆ ನಮೂದಿಸಿಲ್ಲ, ಅವರು ಯಾವ ಸಂಸ್ಥೆಯವರು?

ಅಣ್ಣಯ್ಯನಿಗೆ ಅದಕ್ಕೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಅವನಿಗೆ ಪಾಠ ಹೇಳಿದ್ದ ಪ್ರೊಫೆಸರ್ ಶ್ರೀರಂಗಯ್ಯ ನಿವೃತ್ತರಾಗಿ ಬೆಂಗಳೂರಿನಲ್ಲಿದ್ದರು. ಪತ್ರಿಕೆಯವರಿಗೆ ಬೇಕಾದವರು. ಅಣ್ಣಯ್ಯ ಒಂದು ಚೀಲ ಕೊಬ್ಬರಿ ತೆಗೆದುಕೊಂಡು ಬೆಳಗಿನ ರೈಲಿಗೆ ಹೋದ.

ಪ್ರೊಫೆಸರು ಲೇಖನ ಓದಿದರು. ಎರಡು ಸಲ “ಭೇಷ್” ಎಂದರು. ಆಮೇಲೆ ಕನ್ನಡಕ ತೆಗೆದರು.

“ಈ ಪುಟ್ಟಗಂಗಮ್ಮ ಯಾರಯ್ಯ?”

“ನಮ್ಮನೆಯವರು ಸಾರ್. ಒಳಗಿನ ಸರ್ವೆ ಎಲ್ಲ ಅವಳೇ ಮಾಡಿದ್ದು.”

“ಏನು ಓದಿದಾರೆ?”

“ಪಿಯುಸಿ.”

“ಅಲ್ಲಯ್ಯ, ನನ್ನ ಹೆಂಡತಿ ನಲವತ್ತು ವರ್ಷ ನನಗೆ ಕಾಫಿ ಮಾಡಿಕೊಟ್ಟಿದಾಳೆ. ಅವಳ ಹೆಸರು ಹಾಕಿದೀನಾ? ಸಂಸ್ಥೆ ಅನ್ನೋ ಕಡೆ ಏನು ಬರೀತೀಯ, ಅಡುಗೆಮನೆ ಅಂತಲಾ? ಇದು ಗಂಡಹೆಂಡಿರ ಆಟ ಅಂತ ವಾಪಸು ಕಳಿಸ್ತಾರೆ.”

“ಹಾಗಾದರೆ ಏನು ಮಾಡ್ಲಿ ಸಾರ್?”

“ಹಿಂದಿನ ಸಂಶೋಧನೆಗಳ ಭಾಗ ನಾನು ಬರೆದುಕೊಡ್ತೀನಿ. ನನ್ನ ಹೆಸರೂ ಇರಲಿ, ಬೇಗ ಆಗುತ್ತೆ. ನಿನ್ನ ನೌಕರಿ ವಿಷಯ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಮನೆಯವರಿಗೆ ಕೊನೇಲಿ ಒಂದು ಕೃತಜ್ಞತೆ ಹೇಳು. ಅಷ್ಟು ಸಾಕು.”

ಅಣ್ಣಯ್ಯ ಆಗಲಿ ಎಂದು ತಲೆಯಾಡಿಸಿದ. ಇಲ್ಲ ಎನ್ನಬೇಕೆಂದು ಬಾಯಿಗೆ ಬಂದಿತ್ತು. ಪ್ರೊಫೆಸರ ಹೆಂಡತಿ ಅಷ್ಟರಲ್ಲಿ ಕಾಫಿ ತಂದಿಟ್ಟರು.

ನಜೀರ್ ಅಹಮದ್ ಹೊಸ ಪುಟ ಟೈಪು ಮಾಡುವಾಗ ಮತ್ತೆ ನಿಲ್ಲಿಸಿದ. “ಸಾರ್, ಭಾಭಿ ಹೆಸರು ಬಿಟ್ಟೋಗಿದೆ.”

“ಬಿಟ್ಟಿದ್ದಲ್ಲ ನಜೀರ್. ತೆಗೆದಿದ್ದು.”

ನಜೀರ್ ಅವನ ಮುಖ ನೋಡಿದ. ಟೈಪು ಮಾಡಿ ಕೊಟ್ಟ. ದುಡ್ಡು ತೆಗೆದುಕೊಳ್ಳುವಾಗ, “ಮನೇಲಿ ಹೇಳಿದೀರಾ ಸಾರ್?” ಎಂದ. ಅಣ್ಣಯ್ಯ ಚಿಲ್ಲರೆಗೂ ಕಾಯದೆ ಹೊರಟುಬಿಟ್ಟ.

ಮನೆಯಲ್ಲಿ ಹೇಳಿರಲಿಲ್ಲ. ಹೇಳುವುದಕ್ಕೆ ಎರಡು ಮೂರು ಸಲ ಬಾಯಿ ತೆರೆದ. ಒಂದು ಸಲ ಅವಳು ಅಕ್ಕಿ ಆರಿಸುತ್ತ ಕೂತಿದ್ದಾಗ ಹತ್ತಿರ ಹೋಗಿ ನಿಂತ.

“ಏನು ಕೇಳಿದ್ರಂತೆ ಪತ್ರಿಕೆಯೋರು?” ಎಂದು ಅವಳೇ ಕೇಳಿದಳು.

“ಏನಿಲ್ಲ. ನಕ್ಷೆಗೆ ಅಳತೆ ಗೆರೆ ಹಾಕಿರ್ಲಿಲ್ಲ.”

“ಅಷ್ಟೇನಾ?”

“ಅಷ್ಟೇ.”

“ನಾನು ಹೆದರ್ಕಂಡಿದ್ದೆ, ನನ್ ಪಟ್ಟಿ ಎಲ್ಲಿ ತಪ್ಪಾಯ್ತೋ ಅಂತ.”

“ನಿನ್ನ ಪಟ್ಟೀಲಿ ಒಂದು ತಪ್ಪೂ ಸಿಕ್ಕಲಿಲ್ಲ ಅವರಿಗೆ,” ಎಂದ ಅವನು. ಅದು ನಿಜವೇ ಆಗಿತ್ತು.

ಲೇಖನ ಸ್ವೀಕಾರವಾಗಿದೆ ಎಂಬ ಕಾಗದ ಬಂದ ವಾರವೇ ಆಡಳಿತ ಮಂಡಳಿ ಅವನನ್ನು ಕಾಯಂ ಮಾಡಿತು. ಭೂತಮ್ಮ ಕಾಯಿ ಒಬ್ಬಟ್ಟು ಮಾಡಿದಳು. ಊಟದ ನಡುವೆ ಸಣ್ಣತಿಮ್ಮಯ್ಯ ಜೇಬಿನಿಂದ ಮಡಿಸಿದ ಅರ್ಜಿಯೊಂದನ್ನು ತೆಗೆದು ಸೊಸೆಯ ಕಡೆ ನೀಡಿದ.

“ತಗಳಮ್ಮ. ಬಿ.ಎ.ದು. ತರ್ಸಿದೀನಿ. ತುಂಬಿಕ್ಕಂಡಿರು, ಗೌರಿ ಹಬ್ಬ ಕಳೀತಲೂ ಕಡೇ ದಿನವಂತೆ. ಪುಸ್ತಕ ಕೈಗೆ ಬಂತೋ, ಅವತ್ತೇ ಫೀಜು.”

“ಈಗ್ಯಾಕಪ್ಪ ಅಷ್ಟು ಆತುರ?” ಎಂದ ಅಣ್ಣಯ್ಯ. “ಮುಂದಿನ ವರ್ಷ ನೋಡಬಹುದಲ್ಲ.”

“ಯಾಕ್ಲಾ? ನಿನ್ ಕೆಲ್ಸ ಆಯ್ತು, ಅವಳ್ದು ಮುಂದಿನ ವರ್ಷವಾ?”

“ನಾನು ಹಂಗಂದ್ನಾ?”

“ಮತ್ತೆ ಹೆಂಗಂದೆ? ಒಬ್ಬಟ್ಟು ತಿನ್ನೋನು ಮುಖ ಯಾಕೆ ಹಂಗಿಟ್ಕಂಡಿದೀಯ? ಬೇವು ಇಕ್ಕಿದ್ರಾ?”

ಅಣ್ಣಯ್ಯ ಅರ್ಧ ಒಬ್ಬಟ್ಟು ಬಿಟ್ಟು ಎದ್ದು ಕೈ ತೊಳೆದ. ಪುಟ್ಟಗಂಗಮ್ಮ ಅರ್ಜಿಗೆ ಎಣ್ಣೆ ಕೈ ತಾಕೀತೆಂದು ಅದನ್ನು ದೇವರ ಗೂಡಿನಲ್ಲಿ ಎತ್ತಿಟ್ಟಳು. “ಕೆಲ್ಸ ಜಾಸ್ತಿ ಮಾವ ಅವರಿಗೆ, ಸುಸ್ತಾಗಿದಾರೆ,” ಎಂದು ಗಂಡನ ಪರವಾಗಿ ಮಾತಾಡಿದಳು.

*

ಪತ್ರಿಕೆ ಬಂದದ್ದು ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ. ಕಾಲೇಜಿನ ವಿಳಾಸಕ್ಕೆ ಬಂತು. ಪ್ರಿನ್ಸಿಪಾಲರು ಎಲ್ಲರಿಗೂ ಚಹಾ ಕೊಡಿಸಿದರು. ಅಣ್ಣಯ್ಯ ಅದನ್ನು ಚೀಲದ ತಳದಲ್ಲಿಟ್ಟು, ಮೇಲೆ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತುಂಬಿ ಮನೆಗೆ ಬಂದ.

ಮನೆಯಲ್ಲಿ ಹುಚ್ಚರಂಗಯ್ಯ ಬಂದು ಕೂತಿದ್ದ. ತಂಗಿಗೆ ಸೀರೆ, ಬಳೆ, ಬಾಗಿನದ ಸಾಮಾನು ತಂದಿದ್ದ. ಹಬ್ಬಕ್ಕೆ ಕರೆದುಕೊಂಡು ಹೋಗಬೇಕೆಂದು ಕೇಳಲು ಬಂದವನು, ಭೂತಮ್ಮ ಹೂಂ ಎನ್ನಲಿಲ್ಲವೆಂದು ಕಾಯುತ್ತಿದ್ದ.

“ಮಾಯಸಂದ್ರದೋರು ಎಷ್ಟೊತ್ತಿಂದ ಕಾಯ್ತಾವ್ರೆ, ಒಂದು ಮಾತು ಹೇಳಿ ಅತ್ತೆ,” ಎಂದಳು ಪುಟ್ಟಗಂಗಮ್ಮ ತಟ್ಟೆ ಹಾಕುತ್ತ.

“ನೀನು ಹೋದ್ರೆ ಇಲ್ಲಿ ಗೌರಿ ಕೂರ್ಸೋರ್ಯಾರೇ? ನೋಡಾನ, ಉಣ್ಲಿ ಮೊದ್ಲು.”

ಅಷ್ಟರಲ್ಲಿ ಸಣ್ಣತಿಮ್ಮಯ್ಯ ಬೀದಿಯಿಂದಲೇ ಕೂಗುತ್ತ ಬಂದ. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ ಇತ್ತು.

“ಬಂದದಂತಲ್ಲೋ ಅಣ್ಣಯ್ಯ! ಕಾಲೇಜಿನ ಜವಾನ ಸಿಕ್ಕಿದ್ದ. ಚಾ ಎಲ್ಲಾ ಕುಡಿದ್ರಂತೆ. ಎಲ್ಲೈತ್ಲಾ ಪುಸ್ತಕ? ಮನೇರ್ಗೆ ತೋರಿಸ್ಬ್ಯಾಡ್ವಾ?”

ಅಣ್ಣಯ್ಯ ತಟ್ಟೆಯ ಮುಂದೆ ಕೂತಿದ್ದವನು ಏಳಲಿಲ್ಲ. “ಉಂಡ ಮೇಲೆ ತೋರಿಸ್ತೀನಪ್ಪ.”

“ಉಂಡ ಮೇಲಂತೆ! ಚೀಲದಾಗೈತಾ?” ಮುದುಕ ಚೀಲಕ್ಕೆ ಕೈ ಹಾಕಿ ಉತ್ತರ ಪತ್ರಿಕೆಗಳನ್ನು ಸರಿಸಿ ಪತ್ರಿಕೆಯನ್ನು ಎಳೆದು ತೆಗೆದ. ಕಣ್ಣಿಗೊತ್ತಿಕೊಂಡು ಸೊಸೆಯ ಕೈಗೆ ಕೊಟ್ಟ. “ನನಗೆ ಇಂಗ್ಲೀಷ್ ಬರಾಕಿಲ್ಲ ಕಣಮ್ಮ. ನೀನೇ ತೆಗ್ದು ನಿನ್ನೆಸ್ರು ತೋರ್ಸು. ಇಲ್ಲಿ, ಬೆರಳಿಟ್ಟು ತೋರ್ಸು.”

ಪುಟ್ಟಗಂಗಮ್ಮ ಕೈಯನ್ನು ಎರಡೂ ಕಡೆ ಸೆರಗಿಗೆ ಒರೆಸಿ ತೆಗೆದುಕೊಂಡಳು. ಪುಟ ಸಿಕ್ಕಿತು. ಅಟ್ಟದ ಚಿತ್ರ, ಅವಳು ಗೆರೆ ಹಾಕಿದ್ದ ಪಟ್ಟಿಗಳು ಅಚ್ಚಿನಲ್ಲಿ ಚಂದ ಕಂಡವು. ಮೊದಲ ಪುಟಕ್ಕೆ ಹಿಂದಿರುಗಿದಳು. ಮತ್ತೆ ಕೊನೆಯ ಪುಟಕ್ಕೆ ಹೋದಳು. ಮತ್ತೆ ಮೊದಲಿನ ಪುಟ.

“ಸಿಕ್ಲಿಲ್ವಾ?” ಎಂದ ಸಣ್ಣತಿಮ್ಮಯ್ಯ.

“ನನ್ನೆಸ್ರು ಇಲ್ಲ ಮಾವ.”

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹುಚ್ಚರಂಗಯ್ಯ ಒಂದು ಗಳಿಗೆ ಕೂತಿದ್ದು, ಬೀಗರ ಮನೆಯ ಮಾತಿನ ನಡುವೆ ಇರಬಾರದೆಂದು ಎದ್ದು ಜಗಲಿಗೆ ಹೋದ.

“ಇಲ್ಲ ಅಂದ್ರೆ?” ಎಂದ ಸಣ್ಣತಿಮ್ಮಯ್ಯ ಮಗನ ಕಡೆ ತಿರುಗಿ. “ಯಾಕ್ಲಾ ಇಲ್ಲ?”

“ಅವರು ಸಂಸ್ಥೆ ಯಾವುದು ಅಂತ ಕೇಳಿದ್ರಪ್ಪ. ಇವಳಿಗೆ ಸಂಸ್ಥೆ ಎಲ್ಲಿಂದ ತರ್ಲಿ? ಬೆಂಗಳೂರಿನ ಮೇಷ್ಟ್ರು ತೆಗಿ ಅಂದ್ರು. ತೆಗೀದಿದ್ರೆ ಪೇಪರೇ ಬರ್ತಿರ್ಲಿಲ್ಲ, ಕೆಲಸವೂ ಇರ್ತಿರ್ಲಿಲ್ಲ. ಕೊನೇಲಿ ಹಾಕಿದೀನಿ, ನೋಡಿ, ಮನೆಯವರಿಗೆ ಕೃತಜ್ಞತೆಗಳು ಅಂತ.”

“ಮನೆಯೋರು ಅಂದ್ರೆ?” ಎಂದಳು ಭೂತಮ್ಮ. “ಮನೆಯೋರು ಅಂದ್ರೆ ನಾನೂ ಆದೆ, ನಿಮ್ಮಪ್ಪನೂ ಆದ. ಕೊಟ್ಟಿಗೆನಾಗಿರೋ ಎಮ್ಮೇನೂ ಆಯ್ತು. ಅಟ್ಟದಿಂದ ಬಿದ್ದೋರು ಯಾರ್ಲಾ? ನಾವೆಲ್ಲ ಬಿದ್ವಾ?”

“ಅವ್ವ, ನಿನಗೆ ಅರ್ಥ ಆಗಲ್ಲ.”

“ಆಗ್ದೇ ಇರ್ಲಿ. ಅವಳಿಗೆ ಹೇಳಿದ್ಯಾ ತೆಗೀತೀನಿ ಅಂತ?”

ಅಣ್ಣಯ್ಯ ತಟ್ಟೆ ನೋಡುತ್ತ ಕೂತ. ಪುಟ್ಟಗಂಗಮ್ಮ ಗಂಡನನ್ನು ಕೇಳಿದಳು. ದನಿ ಎತ್ತರಿಸಲಿಲ್ಲ.

“ಅಕ್ಕಿ ಆರಿಸ್ತಿದ್ನಲ್ಲ, 'ಅಷ್ಟೇನಾ' ಅಂತ ಕೇಳಿದ್ನಲ್ಲ. ಆಗ್ಲೇ ತೆಗ್ದಾಗಿತ್ತಾ?”

“ಆಗಿತ್ತು.”

“ಹೇಳಿದ್ರೆ ನಾನೇ ತೆಗೀರಿ ಅಂತಿದ್ದೆ. ನಿಮ್ ಕೆಲ್ಸಕ್ಕಿಂತ ನಂಗೆ ಹೆಚ್ಚಾ ಅದು?”

ಸಣ್ಣತಿಮ್ಮಯ್ಯ ಮೈಸೂರುಪಾಕಿನ ಪೊಟ್ಟಣವನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಆ ಕೈಯಿಂದ ಈ ಕೈಗೆ ಬದಲಾಯಿಸಿದ. ಕೊನೆಗೆ ಹೇಳಿದ:

“ಹೋಗ್ಲಿ ಬುಡಮ್ಮ. ಹೆಸ್ರು ಬರ್ಲಿ, ಬರ್ದೇ ಇರ್ಲಿ. ಫೀಜು ನಾನು ಕಟ್ತೀನಿ. ಅರ್ಜಿ ತಗಂಬಾ.”

“ಬ್ಯಾಡ ಮಾವ.”

“ಯಾಕವ್ವ?”

“ಬಂದ್ರೆ ಕಟ್ತೀನಿ ಅಂದಿದ್ರಿ. ಬಂದಿಲ್ಲ. ತೂಕ ತಪ್ತದೆ.”

ಮುದುಕ ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದ. ಮಂಡಿಯವರಿಗೆಲ್ಲ ಏನು ಹೇಳಲಿ ಎಂದು ತನಗೆ ತಾನೇ ಗೊಣಗಿದ. ಭೂತಮ್ಮ ಇನ್ನೂ ತಣ್ಣಗಾಗಿರಲಿಲ್ಲ. ಒಲೆಯಿಂದ ಕೊಳ್ಳಿ ಹಿಂದಕ್ಕೆಳೆದು ನೀರು ಚಿಮುಕಿಸಿದಳು. ಹೊಗೆ ಎದ್ದು ಅಟ್ಟಕ್ಕೆ ಹೋಯಿತು.

“ಹಂಗಾರೆ ಯಾರ್ಯಾರ ಹೆಸ್ರು ಹಾಕವ್ರೆ ಅದ್ರಾಗೆ? ಓದೇ, ನಾನೂ ಕೇಳ್ತೀನಿ. ಅಷ್ಟು ದಿನ ಉಪ್ಪಿನ ಶಾಖ ಕೊಟ್ಟೋಳು ನಾನು.”

ಪುಟ್ಟಗಂಗಮ್ಮ ಪುಸ್ತಕವನ್ನು ಬೆಳಕಿಗೆ ಹಿಡಿದಳು.

“ಶ್ರೀರಂಗಯ್ಯ.”

“ಅವನ್ಯಾವನು?”

“ಬೆಂಗಳೂರಿನ ಮೇಷ್ಟ್ರು.”

“ಅವನು ಯಾವ ಅಟ್ಟ ಹತ್ತಿದ್ದ? ಆಮೇಲೆ?”

ಆಮೇಲಿನ ಹೆಸರು ಯಾರದೆಂದು ಮನೆಯವರಿಗೆಲ್ಲ ಗೊತ್ತಿತ್ತು. ‘ಇವರದು’ ಎಂದು ಗಂಡನ ಕಡೆ ಕಣ್ಣು ಹಾಯಿಸಿದ್ದರೆ ಮುಗಿಯುತ್ತಿತ್ತು. ಇಷ್ಟು ವರ್ಷ ಅವಳು ಹಾಗೇ ಮಾಡಿಕೊಂಡು ಬಂದಿದ್ದಳು. ಭೂತಮ್ಮನೂ ತನ್ನ ಗಂಡನ ಹೆಸರನ್ನು ಈ ವಯಸ್ಸಿನವರೆಗೆ ಬಾಯಲ್ಲಿ ತಂದವಳಲ್ಲ. ಪುಟ್ಟಗಂಗಮ್ಮ ಯಾರ ಕಡೆಗೂ ನೋಡಲಿಲ್ಲ. ಯಾರೋ ಊರಾಚೆಯವರ ಹೆಸರು ಓದುವಂತೆ ಅಚ್ಚಿನಲ್ಲಿದ್ದುದನ್ನು ಗಟ್ಟಿಯಾಗಿ ಓದಿದಳು.

“ಅಣ್ಣಯ್ಯ.”

ಭೂತಮ್ಮ ಕೈಯಲ್ಲಿದ್ದ ಕೊಳ್ಳಿಯನ್ನು ಹಾಗೇ ಹಿಡಿದುಕೊಂಡಳು. ಅಣ್ಣಯ್ಯನ ಕೈ ತಟ್ಟೆಯ ಮೇಲೆ ನಿಂತಿತು.

ಜಗಲಿಯಿಂದ ಚಪ್ಪಲಿ ಬಿಟ್ಟ ಸದ್ದಾಯಿತು. ಹುಚ್ಚರಂಗಯ್ಯ ದಡಬಡನೆ ಬಂದು ಹೊಸ್ತಿಲಲ್ಲಿ ನಿಂತ. ತಂಗಿಯ ಬಾಯಲ್ಲಿ ಆ ಮಾತು ಕೇಳಿ ಎಷ್ಟೋ ವರ್ಷವಾಗಿತ್ತು. ಅವನ ಮುಖ ಅರಳಿತ್ತು.

“ಏನವ್ವಾ?” ಎಂದ. “ಕೂಗ್ದ್ಯಾ?”

ಪುಟ್ಟಗಂಗಮ್ಮ ಪುಸ್ತಕ ಮುಚ್ಚಿ ಗಂಡನ ತಟ್ಟೆಯ ಪಕ್ಕದಲ್ಲಿ ಇಟ್ಟಳು.

“ಹೂಂ ಅಣ್ಣಯ್ಯ,” ಎಂದಳು. “ಬಾ, ಉಣ್ಣು ಬಾ. ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೋಗಾನ.”